ಹಂಚಿನ ಮೇಲಿನ ಕಟಾಂಜನ

ಶಿರಸಿಯ ನಮ್ಮ ಕ್ರೈಸ್ತ ಸಭೆಗೆ ಸೇರಿದ್ದು ಹದಿನಾಲ್ಕೇ ಮನೆ. ಭಾನುವಾರದ ಆರಾಧನೆಗೆ ಎಲ್ಲರೂ ಬಂದರೂ ಬೆಂಚು ಮಿಕ್ಕುತ್ತಿತ್ತು. ಹಿರಿಯರ ಕೂಟಕ್ಕೆ ಐದು ಜನ ಬಂದರೆ ಮಾತ್ರ ಜಾಗ ಸಾಲುತ್ತಿರಲಿಲ್ಲ, ಅಷ್ಟು ಜಗಳ. ತೊಂಬತ್ತರ ದಶಕದ ನಡುವಿನ ಮಾತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕೂಟದ ಠರಾವು ಪುಸ್ತಕ ನನ್ನ ಕೈಗೆ ಬಂದಿತ್ತು. ಯಾರು ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬರೆಯುವುದು ನನ್ನ ಕೆಲಸ. ತೀರ್ಮಾನ ಆಗುತ್ತಿದ್ದದ್ದು ಅಪರೂಪವಾದ್ದರಿಂದ ಕೆಲಸವೂ ಹಗುರವಾಗಿತ್ತು.

ಕೂಟದಲ್ಲಿ ಎಲ್ಲರಿಗಿಂತ ಹಿರಿಯರು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಸಭೆಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಗಾರ್ಡ್ ಮಾವ ಎಂದೇ ಕರೆಯುತ್ತಿದ್ದೆವು. ಮೂವತ್ತು ವರ್ಷ ಯಲ್ಲಾಪುರದ ಕಾಡಿನಲ್ಲಿ ಇಲಾಖೆಯ ನಿಯಮಪುಸ್ತಕ ಹಿಡಿದು ತಿರುಗಿದ ಮನುಷ್ಯ, ನಿವೃತ್ತಿಯ ಮಾರನೆಯ ದಿನದಿಂದ ಸತ್ಯವೇದವನ್ನೂ ಹಾಗೆಯೇ ಹಿಡಿದುಕೊಂಡರು. ಅವರ ಬಾಯಲ್ಲಿ ಅಧ್ಯಾಯ, ವಾಕ್ಯ ಎಂಬುದೆಲ್ಲ ಇರಲಿಲ್ಲ. ಎಲ್ಲವೂ ಕಲಂ. ಬೆಟ್ಟದ ಮೇಲಿನ ಉಪದೇಶವೂ ಅವರಿಗೆ ಒಂದು ಕಲಂ.

ಅವರಿಗೆ ಎದುರಾಗಿ ಕೂತವರು ನಮ್ಮ ಅಯ್ಯನವರು. ಸಭಾಪಾಲಕರನ್ನು ನಮ್ಮಲ್ಲಿ ಹಾಗೆ ಕರೆಯುವುದು. ದೈವಶಾಸ್ತ್ರದ ಕಾಲೇಜು ಮುಗಿಸಿ ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ, ಇನ್ನೂ ಮೂವತ್ತು ತುಂಬದ ಮನುಷ್ಯ. ಅವರಿಗೆ ‘ಸಂದರ್ಭ’ ಎಂಬ ಶಬ್ದದ ಮೇಲೆ ಬಹಳ ಪ್ರೀತಿ. ಯಾವ ವಾಕ್ಯ ಓದಿದರೂ, ಇದನ್ನು ಅಂದಿನ ಸಂದರ್ಭದಲ್ಲಿ ನೋಡಬೇಕು ಎನ್ನುತ್ತಿದ್ದರು. ಗಾರ್ಡ್ ಮಾವನಿಗೆ ಆ ಶಬ್ದ ಕೇಳಿದರೇ ಕಳ್ಳ ನಾಟಾದ, ಅಂದರೆ ಕದ್ದು ಕಡಿದ ಮರದ, ವಾಸನೆ ಬಂದಂತಾಗುತ್ತಿತ್ತು.

ಅಯ್ಯನವರಿಗೆ ಸಭೆ ಕೊಟ್ಟಿದ್ದ ಮನೆಯ ಹಿಂಗೋಡೆ ಕುಸಿದು, ಇಡೀ ಮನೆಯನ್ನೇ ಹೊಸದಾಗಿ ಕಟ್ಟಬೇಕಾಗಿ ಬಂದಾಗ ಎಲ್ಲ ಶುರುವಾಯಿತು. ನಕ್ಷೆ ತಯಾರಾಯಿತು. ಕೂಟದ ಐವರ ರುಜು ಬಿದ್ದರೆ ಮುಗಿಯಿತು. ನಾಲ್ವರು ಹಾಕಿದರು. ಗಾರ್ಡ್ ಮಾವ ಕನ್ನಡಕ ಏರಿಸಿ ನಕ್ಷೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಪೆನ್ನನ್ನು ಮುಚ್ಚಿ ಕಿಸೆಗಿಟ್ಟರು.

“ಎಲ್ಲಾ ಸಮಾ ಇದೆ. ಆದ್ರೆ ಕಟ್ಟೆ ಎಲ್ಲಿ?”

“ಯಾವ ಕಟ್ಟೆ ಮಾವ?” ಎಂದೆ.

“ಮಾಡಿನ ಸುತ್ತ ಕಟ್ಟೆ. ಕಲಂ ಇದೆ.”

ನಮ್ಮ ಕಡೆ ಮಾಡು ಎಂದರೆ ಮನೆಯ ಚಾವಣಿ. ಗಾರ್ಡ್ ಮಾವ ಸತ್ಯವೇದದಲ್ಲಿ ಮೋಶೆಯ ಐದನೇ ಪುಸ್ತಕ ತೆಗೆದು ಓದಿದರು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗಿಡ್ಡ ಗೋಡೆಯೊಂದನ್ನು ಕಟ್ಟಿಸಬೇಕು. ಇಲ್ಲದಿದ್ದರೆ ಯಾರಾದರೂ ಮೇಲಿಂದ ಬಿದ್ದು ಸತ್ತಾಗ ಆ ರಕ್ತದ ಅಪರಾಧ ಮನೆಗೆ ತಗಲುತ್ತದೆ ಎಂಬುದು ಅದರ ತಾತ್ಪರ್ಯ. ಓದಿ ಮುಗಿಸಿ ಅಯ್ಯನವರ ಕಡೆ ತಿರುಗಿ, ಸಾಕ್ಷಿಯನ್ನು ವಿಚಾರಿಸುವವರಂತೆ ಕೇಳತೊಡಗಿದರು.

“ಹೊಸಾ ಮನೆ ಹೌದಾ ಅಲ್ಲವಾ?”

“ಹೌದು.”

“ಮಾಡು ಇದೆಯಾ?”

“ಇದೆ.”

“ಹಾಗಾದ್ರೆ ಕಟ್ಟೆ ಬೇಕು.”

ಅಯ್ಯನವರು ತಾಳ್ಮೆಯಿಂದಲೇ ಹೇಳಿದರು. “ಅಲ್ಲ ಸರ್, ಆ ಕಾಲದ ಆ ದೇಶದ ಮನೆಗಳಿಗೆ ಚಪ್ಪಟೆ ಮಾಡು. ಜನ ಅಲ್ಲೇ ಮಲಗ್ತಿದ್ರು, ಅಲ್ಲೇ ಊಟ ಮಾಡ್ತಿದ್ರು. ಬೀಳೋ ಸಂದರ್ಭ ಇತ್ತು, ಅದಕ್ಕೆ ಕಟ್ಟೆ. ನಮ್ಮದು ಇಳಿಜಾರು ಹಂಚು. ಹಂಚಿನ ಮೇಲೆ ಯಾರು ಮಲಗ್ತಾರೆ?”

“ಮಲಗಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?”

“ಅದೇ ಪುಟದಲ್ಲಿ ಎತ್ತನ್ನೂ ಕತ್ತೆಯನ್ನೂ ಒಟ್ಟಿಗೆ ಕಟ್ಟಿ ಉಳಬೇಡ ಅಂತಲೂ ಇದೆ ಸರ್. ಅದನ್ನೂ ಪಾಲಿಸ್ತೀರಾ?”

“ನಾನು ಯಾವತ್ತಾದ್ರೂ ಹಾಗೆ ಉತ್ತಿದ್ದು ನೋಡಿದ್ದೀರಾ?” ಎಂದರು ಗಾರ್ಡ್ ಮಾವ.

ಇನ್ನೊಂದು ತೊಡಕೂ ಎದ್ದಿತು. ನಮ್ಮ ಕಡೆ ಮಾಳಿಗೆ ಎಂದರೆ ಹಂಚಿನ ಕೆಳಗಿನ ಅಟ್ಟ. ಹಳೆಯ ಟ್ರಂಕು, ಹಪ್ಪಳದ ಡಬ್ಬ ಇಡುವ ಜಾಗ. ಅಟ್ಟದ ಸುತ್ತ ಗೋಡೆ ಕಟ್ಟಿದರೆ ಡಬ್ಬ ಇಳಿಸುವುದು ಹೇಗೆ ಎಂದು ಕೂಟದ ಹೆಂಗಸೊಬ್ಬರು ನಿಜವಾಗಿಯೂ ಆತಂಕಪಟ್ಟರು. ಆಗ ಮನೆ ಕಟ್ಟುವ ಕೆಲಸಕ್ಕೆಂದು ಬಂದು ಬಾಗಿಲ ಬಳಿ ನಿಂತಿದ್ದ ಗೌಂಡಿ ಬಾಯಿಬಿಟ್ಟ. ಹಾನಗಲ್ಲ ಕಡೆಯವನು; ಸತ್ಯವೇದವನ್ನು ಮುಟ್ಟಿ ಕೂಡ ನೋಡಿದವನಲ್ಲ.

“ಮಾಳಗಿ ಅಂದ್ರ ಮಣ್ಣಿನ ಮಾಳಗಿ ಇರಬೇಕ್ರಿ. ನಮ್ಮೂರಾಗ ಅದಾವಲ್ರಿ. ಬ್ಯಾಸಗ್ಯಾಗ ಮ್ಯಾಲೇ ಮಕ್ಕೊಂತೀವಿ. ಸುತ್ತ ಕುಂಬಿ ಇರಲಿಲ್ಲಂದ್ರ ನಿದ್ದಿಗಣ್ಣಾಗ ಉರುಳಿ ಕೆಳಗ ಬೀಳ್ತಾರ್ರಿ.”

“ಕೇಳಿದ್ರಾ? ಇದೇ ಸಂದರ್ಭ ಅನ್ನೋದು!” ಅಯ್ಯನವರು ಎದ್ದೇ ನಿಂತರು.

“ಕೇಳಿದ್ರಾ? ಕುಂಬಿ ಬೇಕು ಅಂತ ಅವನೇ ಅಂದ!” ಗಾರ್ಡ್ ಮಾವನೂ ಎದ್ದರು.

ಗೌಂಡಿ ಇಬ್ಬರ ಮುಖವನ್ನೂ ನೋಡಿ, “ಅಲ್ರೀ, ಹಂಚಿನ ಮನಿಗೆ ಕುಂಬಿ ಕಟ್ಟಿದ್ರ ಮಳಿ ನೀರು ಎಲ್ಲಿ ಹೋಗ್ಬೇಕ್ರಿ? ಸೀದಾ ಒಳಗ ಬರತೈತಿ” ಎಂದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗೆ ಮೂರು ಕೂಟ ಕಳೆದವು. ಅಯ್ಯನವರು ಸಂಸಾರ ಸಮೇತ ಆರಾಧನಾಲಯದ ಪಕ್ಕದ ಕೋಣೆಯಲ್ಲಿ ಸಾಮಾನು ಪೇರಿಸಿಕೊಂಡು ಕೂತಿದ್ದರು. ಅದನ್ನು ನೋಡಲಾರದೆ ಒಂದು ದಿನ ನಾನೇ, “ಗೋಡೆ ಬೇಡ, ಮರದ ಕಟಾಂಜನ ಹಾಕಿದರೆ ಆಗದಾ? ನೀರು ಸಂದಿಯಲ್ಲಿ ಹೋಗ್ತದೆ” ಎಂದುಬಿಟ್ಟೆ. ನಗಲಿ ಎಂದೇ ಹೇಳಿದ್ದು. ಯಾರೂ ನಗಲಿಲ್ಲ. ಗಾರ್ಡ್ ಮಾವ ಕಿಸೆಯಿಂದ ಪೆನ್ನು ತೆಗೆದರು.

ನಕ್ಷೆ ತೆಗೆದುಕೊಂಡು ಊರ ಕಚೇರಿಗೆ ಹೋದವಳೂ ನಾನೇ. ಗುಮಾಸ್ತರು ಬಹಳ ಹೊತ್ತು ನೋಡಿ, ಇಳಿಜಾರು ಮಾಡಿನ ಅಂಚಿಗೆ ಇದು ಯಾತಕ್ಕೆ ಎಂದು ಕೇಳಿದರು. ನಾನು ತಡವರಿಸಿ, “ಧಾರ್ಮಿಕ” ಎಂದೆ. ಅವರು ತಟ್ಟನೆ ಠಸ್ಸೆ ಒತ್ತಿ ಕಾಗದ ವಾಪಸು ಕೊಟ್ಟರು. ಅಷ್ಟು ಬೇಗ ನನ್ನ ಯಾವ ಕೆಲಸವೂ ಯಾವ ಕಚೇರಿಯಲ್ಲೂ ಆದದ್ದಿಲ್ಲ.

ಡಿಸೆಂಬರಿನ ಹೊತ್ತಿಗೆ ಮನೆ ಎದ್ದು ನಿಂತಿತು. ಕೆಂಪು ಹಂಚು, ಬಿಳಿ ಗೋಡೆ, ಮಾಡಿನ ಸುತ್ತ ಮೂರಡಿ ಎತ್ತರಕ್ಕೆ ಕಂಬ ನೆಟ್ಟು ಅಡ್ಡಡ್ಡ ಮರದ ದಬ್ಬೆ ಹೊಡೆದ ಕಟಾಂಜನ. ಮೂರಡಿ ಎಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಇಲಾಖೆಯ ಸಸಿತೋಟದ ಬೇಲಿಯ ಅಳತೆಯನ್ನು ಗಾರ್ಡ್ ಮಾವ ಅಲ್ಲಿಗೆ ಏರಿಸಿದ್ದರು. ದೂರದಿಂದ ನೋಡಿದರೆ ದನದ ಕೊಟ್ಟಿಗೆಯೊಂದು ಗಾಳಿಗೆ ಹಾರಿ ಬಂದು ಮನೆಯ ಮೇಲೆ ಕೂತಂತೆ ಕಾಣುತ್ತಿತ್ತು.

ಪಕ್ಕದ ಮನೆಯಲ್ಲಿ ಪುರೋಹಿತರೊಬ್ಬರಿದ್ದರು. ಸುತ್ತಲಿನ ತೋಟದ ಮನೆಗಳಿಗೆ ಪೂಜೆ, ಶ್ರಾದ್ಧಕ್ಕೆ ಹೋಗುತ್ತಿದ್ದ ಸಾಧು ಮನುಷ್ಯ. ಒಂದು ಬೆಳಿಗ್ಗೆ ಬೇಲಿಯಾಚೆ ನಿಂತು ನನ್ನನ್ನು ಕರೆದರು.

“ಎಂತದೇ ತಂಗಿ ಅದು? ಮಾಡಿನ ಮ್ಯಾಲೆ ದನ ಕಟ್ತ್ರಾ?”

ನಾನು ಮುಜುಗರಪಡುತ್ತ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಗಂಭೀರವಾಗಿ ಅಲ್ಲೇ ಕಲ್ಲಿನ ಮೇಲೆ ಕೂತರು.

“ನಂಗ್ಳಲ್ಲೂ ಇದೇ ರಗಳೆ. ಪಂಚಗವ್ಯಕ್ಕೆ ಜರ್ಸಿ ಆಕಳದ್ದು ಅಡ್ಡಿಲ್ಯಾ ಅಂತ ಹೇರೂರು ಬದಿ ಯಜಮಾನ್ರೊಬ್ರು ಕೇಳಿದ. ಶಾಸ್ತ್ರ ಬರೆಯಕಾರೆ ಜರ್ಸಿ ಎಲ್ಲಿತ್ತು? ಆನು ಎಂತ ಹೇಳದು?”

“ಏನು ಹೇಳಿದ್ರಿ?”

“ಅದಕ್ಕೆ ಒಂದು ಊರ ಆಕಳ ಹೆಸರಿಟ್ಟು ಕರೀರಿ, ಅಡ್ಡಿಲ್ಲೆ ಅಂದಿ.” ತುಸು ಯೋಚಿಸಿ ಮತ್ತೆ ಕೇಳಿದರು. “ನಿಂಗ್ಳಲ್ಲಿ ಅಕ್ಷತೆ ಹಾಕದು ಇಲ್ಯಾ? ನಂಗ್ಳಲ್ಲಿ ಪೂಜೆಗೆ ವಸ್ತ್ರ ಇಲ್ಲೆ ಅಂದ್ರೆ ಅದರ ಬದ್ಲಿಗೆ ಅಕ್ಷತೆ. ಆಭರಣ ಇಲ್ಲೆ ಅಂದ್ರೂ ಅಕ್ಷತೆ. ಕಟ್ಟೆ ಬದ್ಲಿಗೂ ನಾಕು ಕಾಳು ಹಾಕಿದ್ರೆ ಮುಗದೇ ಹೋಗ್ತಿತ್ತು.”

ಇದನ್ನು ಗಾರ್ಡ್ ಮಾವನಿಗೆ ತಮಾಷೆಗೆಂದು ಹೇಳಿದೆ. ಅವರು ಮೂರನೆಯ ದಿನ ಎಕ್ಸ್‌ಚೇಂಜಿನ ಬಾಗಿಲಿಗೇ ಬಂದು, “ಹುಡುಕಿದೆ. ಅಕ್ಕಿಯ ಬಗ್ಗೆ ಎಲ್ಲೂ ಇಲ್ಲ” ಎಂದು ಹೇಳಿ ಹೋದರು.

ಕಟಾಂಜನದ ಉಪಯೋಗವನ್ನು ಮೊದಲು ಕಂಡುಕೊಂಡವು ಮಂಗಗಳು. ಅವು ಹಿಂಡು ಕಟ್ಟಿಕೊಂಡು ಬಂದು ದಬ್ಬೆಯ ಮೇಲೆ ಸಾಲಾಗಿ ಕೂತು ಪರಸ್ಪರ ಹೇನು ಹೆಕ್ಕುತ್ತಿದ್ದವು. ಕೆಲವು ಭಾನುವಾರ ಆರಾಧನಾಲಯದ ಬೆಂಚುಗಳಿಗಿಂತ ಮಾಡಿನ ಮೇಲೇ ಹಾಜರಿ ಹೆಚ್ಚು. ಬೇಸರ ಬಂದಾಗ ಹಂಚು ಕೀಳುತ್ತಿದ್ದವು.

“ಹಂಚು ಒಡೆದು ನನ್ನ ಮೇಜಿನ ಮೇಲೆ ಬಿಸಿಲು ಬೀಳ್ತಿದೆ ಸರ್,” ಎಂದರು ಅಯ್ಯನವರು.

“ಮನುಷ್ಯರು ಬೀಳಲಿಲ್ಲವಲ್ಲ,” ಎಂದರು ಗಾರ್ಡ್ ಮಾವ.

ಮೇ ತಿಂಗಳ ಒಂದು ಶನಿವಾರ, ಮೂರು ಗಂಟೆಯ ಹೊತ್ತು. ಕೆಲಸ ಮುಗಿಸಿ ಬರುತ್ತಿದ್ದೆ. ಅಯ್ಯನವರ ಮನೆಯ ಮುಂದೆ ಏಣಿ ಕಾಣಿಸಿತು. ತಲೆಯೆತ್ತಿದರೆ ಖಾಕಿ ಪ್ಯಾಂಟು. ಮಂಗಗಳು ಅಲ್ಲಾಡಿಸಿ ಸಡಿಲ ಮಾಡಿದ್ದ ಕಂಬವೊಂದನ್ನು ಬಿಗಿ ಮಾಡಲು, ಎಪ್ಪತ್ತು ದಾಟಿದ ಗಾರ್ಡ್ ಮಾವ ಸುತ್ತಿಗೆ, ಹಗ್ಗ ಹಿಡಿದು ಹಂಚಿನ ಮೇಲೆ ಕೂತಿದ್ದರು. ಕಟಾಂಜನ ಸಡಿಲವಾದರೆ ಕಲಂ ಮುರಿದಂತೆ ಎಂಬುದು ಅವರ ಲೆಕ್ಕ.

ನಾನು “ಮಾವ, ಇಳೀರಿ!” ಎಂದು ಕೂಗಿದ್ದೇ ತಪ್ಪಾಯಿತೇನೋ. ಅವರು ತಿರುಗಿದರು, ಕಾಲಡಿಯ ಹಂಚು ಚಟ್ಟೆಂದಿತು, ಕೂತ ಭಂಗಿಯಲ್ಲೇ ಮನುಷ್ಯ ಸರ್ರನೆ ಜಾರತೊಡಗಿದರು. ಜಾರುವಾಗ ಕಾಲು ತಾಗಿ ಏಣಿಯೂ ಉರುಳಿತು. ಅಂಚಿಗೆ ಬಂದು ಕಾಲೆರಡೂ ಕಟಾಂಜನದ ಕೆಳಗಿನ ಸಂದಿಯಿಂದ ಹೊರಗೆ ತೂರಿ, ಎದೆಯ ಮಟ್ಟಕ್ಕೆ ದಬ್ಬೆ ಅಡ್ಡ ಸಿಕ್ಕಿ ನಿಂತರು. ಅರ್ಧ ದೇಹ ಮಾಡಿನ ಮೇಲೆ, ಅರ್ಧ ಗಾಳಿಯಲ್ಲಿ.

ಮೇಲಿಂದ ಅವರ ಧ್ವನಿ ಬಂತು, ಹಬ್ಬದ ದಿನದ ಧ್ವನಿ.

“ತಡೀತು! ತಂಗೀ, ನೋಡಿದ್ಯಾ? ತಡೀತು!”

ಅಯ್ಯನವರು ಬನಿಯನ್ನಿನಲ್ಲೇ ಓಡಿ ಬಂದರು. “ಸರ್, ಅಲುಗಾಡಬೇಡಿ!”

“ಅಯ್ಯನವರೇ, ಈಗ ಹೇಳಿ. ಕಟಾಂಜನ ಇರದಿದ್ರೆ ನನ್ನ ಗತಿ ಎಂತಾಗ್ತಿತ್ತು?”

“ಕಟಾಂಜನ ಇರದಿದ್ರೆ ನೀವು ಹತ್ತುತ್ತಲೇ ಇರಲಿಲ್ಲ ಸರ್!”

ನೇತಾಡುತ್ತಲೇ ಅವರು ಯೋಚಿಸುತ್ತಿದ್ದಾರೆ ಎಂಬುದು ಕಾಲಿನ ಹೆಬ್ಬೆರಳು ಅಲ್ಲಾಡುವುದರಿಂದ ತಿಳಿಯುತ್ತಿತ್ತು.

“ಅದು ಬೇರೆ ಕಲಂ,” ಎಂದರು ಕೊನೆಗೆ.

ಉರುಳಿದ ಏಣಿಯ ಮೆಟ್ಟಿಲು ಮುರಿದಿತ್ತು. ಅಷ್ಟರಲ್ಲಿ ಪುರೋಹಿತರು ತಮ್ಮ ಮನೆಯ ಏಣಿಯನ್ನು ಎಳೆದುಕೊಂಡು ಬಂದರು. ಎಲ್ಲೋ ಪೂಜೆಗೆ ಹೊರಟವರು, ಮಿಂದು ಮಡಿಯುಟ್ಟಿದ್ದರು. ಏಣಿಯನ್ನು ಒರಗಿಸಿ ಎರಡು ಮೆಟ್ಟಿಲು ಹತ್ತಿ, ಕಣ್ಣೆದುರು ನೇತಾಡುತ್ತಿದ್ದ ಕಾಲುಗಳನ್ನು ನೋಡಿ ಅರೆಗಳಿಗೆ ತಡೆದರು. ಆಮೇಲೆ ತಮಗೆ ತಾವೇ “ಮತ್ತೆ ಮಿಂದ್ರಾತು” ಎಂದುಕೊಂಡು ಎರಡೂ ಕಾಲನ್ನು ತಬ್ಬಿ ಹಿಡಿದರು.

“ವಾದ ಕೆಳಗೆ ಬಂದ ಮ್ಯಾಲೆ ಮಾಡ್ಲಕ್ಕು. ಮದ್ಲು ಭಾರ ಬಿಡಿ.”

ಗಾರ್ಡ್ ಮಾವ ಭಾರ ಬಿಟ್ಟರು. ಅದೇ ಕ್ಷಣಕ್ಕೆ ಕಟಾಂಜನವೂ ಕೈಬಿಟ್ಟಿತು. ದಬ್ಬೆ, ಕಂಬ, ಪುರೋಹಿತರು, ಗಾರ್ಡ್ ಮಾವ ಎಲ್ಲ ಸೇರಿ ಕೆಳಗೆ ನಿಂತಿದ್ದ ಅಯ್ಯನವರ ಮೇಲೆ ಬಂದರು. ಧೂಳು ಅಡಗಿದಾಗ ಮೂವರೂ ಜೀವಂತ ಇದ್ದರು. ಪುರೋಹಿತರಿಗೆ ಮೊಣಕೈ ತರಚಿತ್ತು, ಅಯ್ಯನವರ ಕನ್ನಡಕ ಹೋಗಿತ್ತು, ಗಾರ್ಡ್ ಮಾವನ ಎಡಗೈಯ ಮಣಿಕಟ್ಟು ಮುರಿದಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೋದೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆ ನೋಡುತ್ತ ಮಲಗಿದ್ದರು. ಬಯ್ಯಬೇಕೆಂದೇ ಹೋಗಿದ್ದೆ.

“ಇಷ್ಟೆಲ್ಲ ಯಾಕೆ ಮಾವ? ಹಂಚಿನ ಮೇಲೆ ಯಾರೂ ಹತ್ತುವುದಿಲ್ಲ ಅಂತ ನಿಮಗೂ ಗೊತ್ತಿತ್ತಲ್ಲ?”

ಅವರು ಗೋಡೆಗೇ ಹೇಳುವವರಂತೆ ಶುರು ಮಾಡಿದರು.

“ಇಡಗುಂದಿ ಬದಿಯ ಕಾಡಲ್ಲಿ ಒಂದು ವರ್ಷ ನಾಟಾ ತುಂಬೋ ಕೆಲಸ. ಲಾರಿಗೆ ಏರಿಸಲಿಕ್ಕೆ ಎತ್ತರದ ಕಟ್ಟೆ ಮಾಡಿದ್ರು. ಅದರ ಅಂಚಿಗೆ ಹಗ್ಗ ಕಟ್ಟಿಸು ಅಂತ ನನಗೆ ಹೇಳಿದ್ರು. ಹಗ್ಗ ನನ್ನ ಹತ್ರಾನೇ ಇತ್ತು ತಂಗಿ. ನಾಳೆ ಕಟ್ಟಿಸಿದ್ರಾಯ್ತು ಅಂದ್ಕೊಂಡೆ. ಆ ದಿನವೇ ಒಬ್ಬ ಹಿಂದೆ ಹಿಂದೆ ನಡೀತಾ ಹೋಗಿ ಬಿದ್ದ. ನನ್ನದೇ ಪ್ರಾಯದವ. ವಿಚಾರಣೆ ಆಯ್ತು. ಕಾಗದದಲ್ಲಿ ನನ್ನ ಹೆಸರೇ ಬರಲಿಲ್ಲ. ಅದು ಅವನದೇ ತಪ್ಪು ಅಂತ ಬಂತು.”

ನಾನು ಗಂಜಿಯ ಬಟ್ಟಲನ್ನು ಅವರ ಹತ್ತಿರ ಸರಿಸಿದೆ.

“ಆ ಕಲಂ ಮೊದಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕೂತೆ. ಇದನ್ನ ನನಗೇ ಬರೆದು ಕಳಿಸಿದ್ದು ಅನ್ನಿಸ್ತು,” ಎಂದರು. ಒಂದು ಚಮಚ ಗಂಜಿ ಬಾಯಿಗಿಟ್ಟು, “ಇದಕ್ಕೆ ಉಪ್ಪು ಹಾಕಿದ್ದೀಯಾ?” ಎಂದು ಕೇಳಿದರು.

ಹೊರಡುವಾಗ ನಾನು, “ಅಯ್ಯನವರಿಗೆ ಹೇಳಲಾ ಮಾವ?” ಎಂದೆ.

“ಹೇಳು. ಆದ್ರೆ ಸಂದರ್ಭ ಅಂತ ಮಾತ್ರ ಅನ್ನಬಾರದು ಅಂತಲೂ ಹೇಳು.”

ಅಯ್ಯನವರು ಅನ್ನಲಿಲ್ಲ. ನಾನು ಹೇಳಿದ್ದನ್ನು ಕೇಳಿ, ಒಡೆದ ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತ ಕೂತರು. “ಅವರು ಪ್ರತಿ ಸಲ ಆ ವಾಕ್ಯ ಓದುವಾಗ ಕೊನೆಯ ಭಾಗಕ್ಕೆ ಬಂದು ನಿಧಾನ ಮಾಡ್ತಿದ್ರು. ನಾನು ಮುಂದಿನ ಮಾತಿಗೆ ಉತ್ತರ ಹುಡುಕ್ತಾ ಇರ್ತಿದ್ದೆ,” ಎಂದರು. ಆ ಸಂಜೆ ಒಬ್ಬರೇ ಆಸ್ಪತ್ರೆಗೆ ಹೋದರು. ಅಲ್ಲಿ ಏನು ಮಾತಾಯಿತು ಎಂದು ಇಬ್ಬರೂ ಯಾರಿಗೂ ಹೇಳಲಿಲ್ಲ.

ಮುಂದಿನ ಕೂಟದಲ್ಲಿ ಅಯ್ಯನವರು ಒಂದೇ ಪ್ರಶ್ನೆ ಇಟ್ಟರು. “ನಮ್ಮ ಸಭೆಯಲ್ಲಿ ನಿಜವಾಗಿ ಬೀಳ್ತಿರೋರು ಯಾರು? ಎಲ್ಲಿ ಬೀಳ್ತಾರೆ?”

ಹಪ್ಪಳದ ಡಬ್ಬದ ಚಿಂತೆ ಮಾಡಿದ್ದ ಅದೇ ಹೆಂಗಸು ಕೈ ಎತ್ತಿದರು. “ನಾನು. ಆರಾಧನಾಲಯದ ಮೆಟ್ಟಿಲ ಮೇಲೆ. ಪಾಚಿ ಕಟ್ಟಿದ ಕೂಡಲೇ ಪ್ರತಿ ವರ್ಷ ಬೀಳ್ತೇನಲ್ಲ. ಇಷ್ಟು ವರ್ಷ ಯಾರೂ ಕೇಳ್ಲೇ ಇಲ್ಲ.”

ಅವರ ಬೆನ್ನಿಗೇ ಇನ್ನಿಬ್ಬರು ತಾವೂ ಬಿದ್ದದ್ದನ್ನು ಹೇಳಿಕೊಂಡರು. ಮೆಟ್ಟಿಲಿಗೆ ಎರಡೂ ಕಡೆ ಕಟ್ಟೆ ಕಟ್ಟಿ ಕಬ್ಬಿಣದ ಸರಳು ಹಾಕಿಸುವುದೆಂದು ಎಲ್ಲರೂ ಒಪ್ಪಿದರು. ಗಾರ್ಡ್ ಮಾವ ಮಾತ್ರ ಪ್ಲಾಸ್ಟರ್ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಒದ್ದಾಡುತ್ತಿದ್ದರು. ಅವರಿಗೂ ಮನಸ್ಸಿತ್ತು. ಆದರೆ ಕಲಂ ಹೇಳುವುದು ಮಾಡಿನ ಬಗ್ಗೆ, ಮೆಟ್ಟಿಲಿನ ಬಗ್ಗೆ ಅಲ್ಲ. ಅರ್ಧ ಗಂಟೆಯ ನಂತರ ಅವರಿಗೆ ದಾರಿ ಸಿಕ್ಕಿತು. ತಾವೇ ವಾಕ್ಯ ಹೇಳಿ ಬರೆಸಿದರು. ನಾನು ದುಂಡಗೆ ಬರೆದೆ: “ಈ ಕಲಮಿನ ಮಟ್ಟಿಗೆ ಮೆಟ್ಟಿಲನ್ನು ಮಾಡು ಎಂದು ತಿಳಿಯತಕ್ಕದ್ದು.” ಐವರೂ ರುಜು ಹಾಕಿದರು. ಜೂನ್ ಮುಗಿಯುವುದರೊಳಗೆ ಸರಳು ಬಂತು. ಆ ವರ್ಷ ಯಾರೂ ಬೀಳಲಿಲ್ಲ. ಮಾಡಿನ ಮೇಲೆ ಉಳಿದಿದ್ದ ಕಟಾಂಜನವನ್ನು ಗೌಂಡಿಯೇ ಬಂದು ಕಿತ್ತ. ಮಂಗಗಳು ಕೆಲವು ದಿನ ಬಂದು ಹುಡುಕಿದವು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅಯ್ಯನವರಿಗೆ ಬೇರೆ ಊರಾಯಿತು. ನನಗೆ ಸಿದ್ದಾಪುರಕ್ಕೆ ವರ್ಗವಾಗಿ, ಠರಾವು ಪುಸ್ತಕವನ್ನು ಹೊಸಬರಿಗೆ ಒಪ್ಪಿಸಿ ಹೋದೆ. ಐದಾರು ವರ್ಷದ ನಂತರ ಒಂದು ಭಾನುವಾರ ಶಿರಸಿಗೆ ಹೋಗಿದ್ದೆ. ಕೂಟದಲ್ಲಿ ಆಗ ಎಲ್ಲ ಹೊಸ ಮುಖಗಳು. ಆರಾಧನೆ ಮುಗಿದ ಮೇಲೆ ಹಿಂದಿನ ಅಂಗಳಕ್ಕೆ ಹೋದರೆ, ಗೋಡೆಗೆ ತಾಗಿ ಸಿಮೆಂಟಿನ ಐದು ಮೆಟ್ಟಿಲು ಎದ್ದಿದ್ದವು. ಮೇಲೆ ಬಾಗಿಲಿಲ್ಲ, ಕಿಟಕಿಯೂ ಇಲ್ಲ. ಐದನೆಯ ಮೆಟ್ಟಿಲು ಹತ್ತಿದರೆ ಮೂಗಿಗೆ ಗೋಡೆ. ಎರಡನೆಯ ಮೆಟ್ಟಿಲ ಮೇಲೆ ಗಾರ್ಡ್ ಮಾವ ಬಿಸಿಲು ಕಾಯಿಸುತ್ತ ಕೂತಿದ್ದರು. ಕಣ್ಣು ಮಂಜಾಗಿತ್ತು, ಧ್ವನಿಯಿಂದ ನನ್ನನ್ನು ಗುರುತಿಸಿದರು.

“ಇದೇನು ಮಾವ?”

“ಹೊಸಾ ಕೂಟದವರು ಹಳೇ ಠರಾವು ಎಲ್ಲಾ ತೆಗೆದು ಓದಿದ್ರು. ಯಾವುದು ಆಗಿದೆ, ಯಾವುದು ಬಾಕಿ ಅಂತ ಪಟ್ಟಿ ಮಾಡಿದ್ರು. ‘ಮೆಟ್ಟಿಲನ್ನು ಮಾಡು’ ಅಂತ ಬರೆದದ್ದು ಸಿಕ್ಕಿತು. ಐದು ರುಜು ಬೇರೆ ಇತ್ತು. ಮಾಡಿದ್ರು.”

“ಅಯ್ಯೋ! ಅದು ಮನೆಯ ಮಾಡು ಅಂತ ನೀವು ಹೇಳಬಾರದಿತ್ತಾ?”

“ನನ್ನನ್ನೂ ಕೇಳ್ಲಿಕ್ಕೆ ಬಂದಿದ್ರು. ಪಾಪ, ಎಷ್ಟು ಶ್ರದ್ಧೆಯಿಂದ ಓದಿದ್ರು ಗೊತ್ತುಂಟಾ? ಬಾಯಿ ಬರಲಿಲ್ಲ.” ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. “ಕೂತ್ಕೊ. ಕೂರ್ಲಿಕ್ಕೆ ಅಡ್ಡಿಲ್ಲ.”

ಸಿಮೆಂಟು ಬೆಚ್ಚಗಿತ್ತು. ಮೇಲಿನ ಮೆಟ್ಟಿಲುಗಳಲ್ಲಿ ಯಾರೋ ಬಟ್ಟೆ ಹಾಸಿ ಸಂಡಿಗೆ ಒಣಗಲು ಹಾಕಿದ್ದರು. ನಾನು ಕೂತೆ.